ಎಂಟನೇ ಮಹಡಿಯ ದೋಣಿ

ದಸರೆ ಮುಗಿದು ಮಳೆ ಹಿಂದೆ ಸರಿಯುವ ಹೊತ್ತಿಗೆ ಈ ಅಂಕಣಕ್ಕೆ ಪ್ರತಿ ವರ್ಷ ಒಂದೇ ಬಗೆಯ ಪತ್ರಗಳು ಬರುತ್ತವೆ: ಈ ಚಳಿಗಾಲದ ಶನಿವಾರ, ಭಾನುವಾರಗಳನ್ನು ಏನು ಮಾಡೋಣ? ಈ ಸಲ ಮೂರು ಪತ್ರಗಳಲ್ಲಿ ದೋಣಿ ಇತ್ತು. ಪುಣೆಯ ಒಬ್ಬರು ಆನ್‌ಲೈನ್‌ನಲ್ಲಿ ಗಾಳಿ ತುಂಬುವ ಕಯಾಕ್ ನೋಡಿಟ್ಟಿದ್ದಾರೆ, ಕಾರ್ಟ್‌ನಲ್ಲಿದೆ, ಗುಂಡಿ ಒತ್ತುವುದಷ್ಟೇ ಬಾಕಿ. ಹೈದರಾಬಾದಿನ ದಂಪತಿಗೆ ಉದ್ದನೆಯ ಗಟ್ಟಿ ಕೆನೂ ಬೇಕು, ಕಾರಿನ ಮೇಲೆ ಕಟ್ಟಿಕೊಂಡು ಊರೂರು ಸುತ್ತುವ ಆಸೆ. ಠಾಣೆಯ ಒಬ್ಬ ತಾಯಿಯ ಪ್ರಶ್ನೆ ಬೇರೆ: ‘ಗಂಡನೂ ಮಗನೂ ದೋಣಿ ತರುತ್ತೇವೆ ಎಂದು ಹಟ ಹಿಡಿದಿದ್ದಾರೆ. ಇಬ್ಬರಿಗೂ ಈಜು ಬರುವುದಿಲ್ಲ. ಬೇಡ ಅನ್ನಲೇ?’

ಪುಣೆಯಲ್ಲಿ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ನಾಲ್ಕು ವರ್ಷದಿಂದ ದೋಣಿ ಇಟ್ಟುಕೊಂಡಿರುವವನು ನಾನು. ಆದ್ದರಿಂದ ಈ ತಿಂಗಳು ಮೂವರಿಗೂ ಸೇರಿಸಿ ಬರೆಯುತ್ತಿದ್ದೇನೆ. ದೋಣಿ ಕೊಳ್ಳುವುದು ಇವತ್ತು ಮಿಕ್ಸಿ ಕೊಂಡಷ್ಟೇ ಸುಲಭ. ಅದನ್ನು ಎಲ್ಲಿ ಇಡುವುದು, ಹೇಗೆ ಸಾಗಿಸುವುದು, ನೀರಿಗಿಳಿದವರೆಲ್ಲ ಸಂಜೆ ಮನೆಗೆ ಮರಳುವಂತೆ ಹೇಗೆ ನೋಡಿಕೊಳ್ಳುವುದು, ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಗುಂಡಿ ಒತ್ತಿ.

ಕೆನೂ ಯಾವುದು, ಕಯಾಕ್ ಯಾವುದು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕೆನೂ ಮೇಲ್ಭಾಗ ತೆರೆದಿರುವ ದೋಣಿ. ಮಂಡಿಯೂರಿ ಅಥವಾ ಅಡ್ಡಹಲಗೆಯ ಮೇಲೆ ಕೂತು, ಒಂದೇ ಕಡೆ ಅಲಗಿರುವ ಹುಟ್ಟು ಹಾಕುತ್ತಾರೆ. ಕಯಾಕಿನಲ್ಲಿ ಕಾಲು ಮುಂದೆ ಚಾಚಿ ಕೂರಬೇಕು, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕಯಾಕ್ ಉತ್ತರ ಧ್ರುವದ ಬಳಿಯ ಇನ್ಯುಯಿಟ್ ಜನರದ್ದು. ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಬೇಟೆಗೆಂದು ಮಾಡಿಕೊಂಡದ್ದು. ಕೆನೂ ಎಂಬ ಪದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಬಾಯಿಂದ ಸ್ಪೇನಿನವರ ಮೂಲಕ ಯುರೋಪಿಗೆ ಹೋಯಿತು. ಪದ ಎಲ್ಲಿಯದಾದರೂ ವಸ್ತು ಎಲ್ಲರದ್ದು. ನೆದರ್‌ಲ್ಯಾಂಡ್ಸಿನ ಪೆಸ್ಸೆ ಎಂಬಲ್ಲಿ 1955ರಲ್ಲಿ ಹೆದ್ದಾರಿ ಕೆಲಸದ ವೇಳೆ ಸಿಕ್ಕ, ಒಂದೇ ಮರದ ದಿಮ್ಮಿಯಲ್ಲಿ ಕೊರೆದ ದೋಣಿ ಸುಮಾರು ಹತ್ತು ಸಾವಿರ ವರ್ಷ ಹಳೆಯದು.

ನಮ್ಮ ಕರಾವಳಿಯ ಪಾತಿ ದೋಣಿ ಕಂಡವರಿಗೆ ಇದರಲ್ಲಿ ಅಚ್ಚರಿ ಏನಿಲ್ಲ. ಹೊಳೆಯಲ್ಲಿ ಬಲೆ ಬೀಸಲು, ಚಿಪ್ಪು ಹೆಕ್ಕಲು, ಆಚೆ ದಡಕ್ಕೆ ದಾಟಲು ಒಬ್ಬಿಬ್ಬರು ಕೂರುವಂಥ ಸಪೂರ ದೋಣಿ. ಆಳವಿಲ್ಲದ ಕಡೆ ಜಲ್ಲೆ, ಆಳವಿದ್ದಲ್ಲಿ ಹುಟ್ಟು. ಅದು ಅಪ್ಪಟ ಕೆನೂ. ಹಂಪಿಯ ಹರಿಗೋಲು ಬೇರೆ ಜಾತಿ. ದುಂಡಗೆ ಇರುವುದರಿಂದ ಸುಲಭಕ್ಕೆ ಮಗುಚುವುದಿಲ್ಲ, ಆದರೆ ನೇರ ಹೋಗಿಸಲು ಪಳಗಿದ ಕೈ ಬೇಕು. ಉದ್ದ ಮತ್ತು ಸಪೂರ ಇದ್ದಷ್ಟೂ ದೋಣಿ ನೇರ, ಬೇಗ ಹೋಗುತ್ತದೆ. ಅಗಲ ಹೆಚ್ಚಿದಷ್ಟೂ ಅಲ್ಲಾಡದೆ ನಿಲ್ಲುತ್ತದೆ, ಆದರೆ ಸೋಮಾರಿಯಾಗುತ್ತದೆ. ದೋಣಿ ಆರಿಸುವಾಗ ಈ ಒಂದು ಕೊಡುಕೊಳ್ಳುವಿಕೆ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಫ್ಲ್ಯಾಟಿಗೆ ಯಾವ ದೋಣಿ

ಇಬ್ಬರು ಕೂರುವ ಗಟ್ಟಿ ಕೆನೂ 15ರಿಂದ 17 ಅಡಿ ಉದ್ದ. ದಪ್ಪ ಪ್ಲಾಸ್ಟಿಕ್‌ನದ್ದಾದರೆ 30 ಕೆಜಿ ಮೀರುತ್ತದೆ, ಫೈಬರ್‌ಗ್ಲಾಸ್ ಸ್ವಲ್ಪ ಹಗುರ. ನಿಮ್ಮ ಸೊಸೈಟಿಯ ಲಿಫ್ಟ್ ಒಳಗೆ ಎಂಟು ಅಡಿ ಎತ್ತರ ಇದ್ದರೆ ಹೆಚ್ಚು. ಮೆಟ್ಟಿಲ ತಿರುವಿನಲ್ಲಿ ಹದಿನಾರು ಅಡಿಯ ದೋಣಿ ತಿರುಗುವುದಿಲ್ಲ. ಪಾರ್ಕಿಂಗ್‌ನಲ್ಲಿ ಗೋಡೆಗೆ ತೂಗು ಹಾಕಬಹುದು, ಆದರೆ ಸೆಕ್ರೆಟರಿಯವರ ಒಪ್ಪಿಗೆ ಬೇಕು, ಅದು ಆರ್‌ಟಿಓ ಪರವಾನಗಿಗಿಂತ ಕಷ್ಟ. ಟೆರೇಸಿನಲ್ಲಿ ಇಟ್ಟರೆ ದಖ್ಖನ್ನಿನ ಬಿಸಿಲು ಪ್ಲಾಸ್ಟಿಕ್ಕನ್ನು ಕೆಲವೇ ವರ್ಷದಲ್ಲಿ ಬಿರುಸಾಗಿಸುತ್ತದೆ. ನೆಲ ಮಹಡಿಯಲ್ಲಿ ಮನೆ, ನೆರಳಿರುವ ಜಾಗ, ಎತ್ತಲು ಇಬ್ಬರು, ಈ ಮೂರೂ ಇದ್ದವರು ಮಾತ್ರ ಗಟ್ಟಿ ದೋಣಿಯ ಯೋಚನೆ ಮಾಡಿ.

ಉಳಿದವರಿಗೆ ಗಾಳಿ ತುಂಬುವ ದೋಣಿಯೇ ಸರಿ. 10ರಿಂದ 18 ಕೆಜಿ, ಮಡಚಿದರೆ ದೊಡ್ಡ ಸೂಟ್‌ಕೇಸ್‌ನಷ್ಟು, ಕಾರಿನ ಡಿಕ್ಕಿಯಲ್ಲಿ ಕೂರುತ್ತದೆ. ಆದರೆ ಈಜುಕೊಳದ ಆಟಿಕೆಗೂ ದೋಣಿಗೂ ವ್ಯತ್ಯಾಸ ನೋಡಿ ಕೊಳ್ಳಿ. ಎಡ, ಬಲ, ತಳ ಎಂದು ಕನಿಷ್ಠ ಮೂರು ಬೇರೆ ಬೇರೆ ಗಾಳಿಕೋಣೆಗಳು ಇರಬೇಕು, ಒಂದು ತೂತಾದರೂ ಉಳಿದೆರಡು ತೇಲಿಸುವಂತೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇಲ್ಲದ ಸರ್ವರ್ ಮೇಲೆ ಯಾರೂ ಕೂರಬಾರದು. ಹೊರಮೈಯ ಬಟ್ಟೆ ದಪ್ಪ ಇರಲಿ, ಹಿಂಬದಿ ತಳದಲ್ಲಿ ಚಿಕ್ಕ ರೆಕ್ಕೆ ಇರಲಿ. ರೆಕ್ಕೆ ಇಲ್ಲದ ಅಗಲ ದೋಣಿ ಪ್ರತಿ ಹುಟ್ಟಿಗೂ ಮೂತಿ ತಿರುಗಿಸುತ್ತದೆ.

ಗಾಳಿಯ ಒತ್ತಡದ ಬಗ್ಗೆ ಒಂದು ಲೆಕ್ಕ. ಬೆಳಗಿನ ತಂಪಿನಲ್ಲಿ 25 ಡಿಗ್ರಿ ಇರುವಾಗ 3 ಪಿಎಸ್‌ಐ ತುಂಬಿದ್ದೀರಿ ಎನ್ನಿ. ದಡಕ್ಕೆ ಎಳೆದು ಬಿಸಿಲಿಗೆ ಬಿಟ್ಟು ತಿಂಡಿಗೆ ಹೋದಿರಿ. ಕಪ್ಪು ಬಟ್ಟೆಯೊಳಗಿನ ಗಾಳಿ 55 ಡಿಗ್ರಿಗೆ ಏರಿತು. ಪಿಯುಸಿಯ ಭೌತಶಾಸ್ತ್ರ ನೆನಪಿಸಿಕೊಂಡರೆ, ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಶೇ 10ರಷ್ಟು ಹೆಚ್ಚಿದೆ, ಹೊರಗಿನ ವಾಯುಭಾರವೂ ಸೇರಿದ ಒಟ್ಟು ಒತ್ತಡವೂ ಅಷ್ಟೇ ಹೆಚ್ಚುತ್ತದೆ. ಮೀಟರಿನಲ್ಲಿ 3 ಇದ್ದದ್ದು 5ರ ಹತ್ತಿರ ಹೋಗುತ್ತದೆ. ಹೊಲಿಗೆ ಬಿಡುವುದು ಹೀಗೆ. ದಡದಲ್ಲಿ ನಿಲ್ಲಿಸುವಾಗ ನೆರಳಿಗೆಳೆಯಿರಿ, ಇಲ್ಲವೇ ಸ್ವಲ್ಪ ಗಾಳಿ ಬಿಡಿ. ಉಲ್ಟಾ ಕೂಡ ನೆನಪಿರಲಿ: ಬಿಸಿಲಲ್ಲಿ ಬಿಗಿಯಾಗಿ ತುಂಬಿದ ದೋಣಿ ತಣ್ಣೀರಿಗಿಳಿದರೆ ಮೆತ್ತಗಾಗುತ್ತದೆ. ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಒತ್ತಿ ನೋಡಿ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮಡಚಬೇಕು. ಒದ್ದೆಯಲ್ಲಿ ಸುತ್ತಿಟ್ಟರೆ ಬೂಷ್ಟು ಹಿಡಿದು, ಹದಿನೈದು ದಿನದಲ್ಲಿ ಇಡೀ ಸ್ಟೋರ್ ರೂಮು ನಾರುತ್ತದೆ. ನಮ್ಮ ಮನೆಯಲ್ಲಿ ದೋಣಿ ಬಾಲ್ಕನಿಯಲ್ಲಿ ಒಣಗುವ ದಿನ ಬಟ್ಟೆ ಒಳಗೆ ಒಣಗುತ್ತದೆ. ಈ ಒಪ್ಪಂದಕ್ಕೆ ಮನೆಯವರ ಸಹಿ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಕಾರಿನ ಮೇಲೆ ಕಟ್ಟುವುದು

ಹೈದರಾಬಾದಿನ ದಂಪತಿಗೆ ಈ ಭಾಗ. ಕಾರಿನ ಮ್ಯಾನುಯಲ್ ತೆಗೆದು ಮಾಡಿನ ಮೇಲೆ ಎಷ್ಟು ಭಾರ ಹೇರಬಹುದು ಎಂದು ನೋಡಿ. ಸಾಮಾನ್ಯ ಕಾರುಗಳಲ್ಲಿ ಅದು 50ರಿಂದ 75 ಕೆಜಿ ಆಸುಪಾಸು ಇರುತ್ತದೆ, ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರಿದ್ದು. ಅಡ್ಡ ಪಟ್ಟಿಗಳೆರಡರ ನಡುವೆ ಸಾಧ್ಯವಾದಷ್ಟು ಅಂತರ ಇರಲಿ. ಕೆನೂವನ್ನು ಬೋರಲಾಗಿ ಇಟ್ಟು, ಪ್ರತಿ ಅಡ್ಡಪಟ್ಟಿಯ ಬಳಿ ಒಂದೊಂದು ಬಟ್ಟೆಯ ಬೆಲ್ಟ್ ಬಿಗಿಯಿರಿ. ಲಾರಿಯವರು ಬಳಸುವ, ಹಿಡಿ ತಿರುಗಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಬೇಡ. ಅದರ ಬಲಕ್ಕೆ ದೋಣಿಯ ಅಂಚು ನುಗ್ಗಾಗುತ್ತದೆ. ಕೈಯಲ್ಲಿ ಎಳೆದು ಬಿಗಿಯುವ ಬಕಲ್ ಸಾಕು.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ದೋಣಿಯ ಮೂತಿಯಿಂದ ಕಾರಿನ ಮುಂದಿನ ಟೋ ಹುಕ್‌ಗೆ ಒಂದು ಹಗ್ಗ, ಬಾಲದಿಂದ ಹಿಂದಿನದಕ್ಕೆ ಒಂದು ಹಗ್ಗ ಕಟ್ಟಲೇಬೇಕು. ಗಾಳಿ ದೋಣಿಯ ಮೂತಿಯ ಕೆಳಗೆ ನುಗ್ಗಿ ಮೇಲೆತ್ತಲು ನೋಡುತ್ತದೆ, ಅದನ್ನು ತಡೆಯುವುದು ಈ ಹಗ್ಗಗಳೇ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60ರಿಂದ 80ಕ್ಕೆ ಹೋದರೆ ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ, ಹಗ್ಗದ ಮೇಲಿನ ಎಳೆತ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತ ಹೆಚ್ಚು. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಗಂಟುಗಳನ್ನೂ ಎಳೆದು ನೋಡಿ. ಆಮೇಲೆ ಪ್ರತಿ ಚಹಾಕ್ಕೆ ನಿಲ್ಲಿಸಿದಾಗಲೂ ನೋಡಿ. ಬೆಲ್ಟ್ ಗುಂಯ್‌ಗುಡುತ್ತಿದ್ದರೆ ಅದನ್ನು ಒಂದು ಸುತ್ತು ತಿರುಚಿ ಕಟ್ಟಿ, ಸದ್ದು ನಿಲ್ಲುತ್ತದೆ.

ಇನ್ನೊಂದು ಮಾತು ಕಾನೂನಿನದು. ಅನುಮತಿಸಿದ ಮಿತಿ ಮೀರಿ ಸಾಮಾನು ವಾಹನದಿಂದ ಮುಂದೆ, ಹಿಂದೆ, ಪಕ್ಕಕ್ಕೆ ಚಾಚಿದರೆ ಅಥವಾ ಎತ್ತರ ಮೀರಿದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 20 ಸಾವಿರ ರೂಪಾಯಿ ದಂಡವಿದೆ. ಹ್ಯಾಚ್‌ಬ್ಯಾಕ್ ಕಾರಿನ ಉದ್ದ ಹದಿಮೂರು ಅಡಿಗಿಂತ ಕಡಿಮೆ, ನಿಮ್ಮ ಕೆನೂ ಹದಿನಾರು ಅಡಿ. ಎರಡೂ ಕಡೆ ಚಾಚುವುದು ಖಚಿತ. ಹೈದರಾಬಾದಿನಿಂದ ದೂರದೂರಿಗೆ ಹೀಗೆ ಹೊರಡುವ ಆಸೆಯನ್ನು ಗಾಳಿದೋಣಿಯ ಮೇಲೆ ತೀರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ನೀರು ಯಾರದ್ದು

ದೋಣಿ ನಿಮ್ಮದಿರಬಹುದು, ನೀರು ನಿಮ್ಮದಲ್ಲ. ಪುಣೆಯ ಸುತ್ತಲಿನ ದೊಡ್ಡ ನೀರುಗಳೆಲ್ಲ ಅಣೆಕಟ್ಟಿನ ಹಿನ್ನೀರು. ಖಡಕ್‌ವಾಸಲಾ ಊರಿಗೆ ಕುಡಿಯುವ ನೀರು ಕೊಡುತ್ತದೆ, ಒಂದು ದಡದಲ್ಲಿ ಎನ್‌ಡಿಎ ಇದೆ, ಆ ಕಡೆಗೆ ಸುಳಿಯುವಂತಿಲ್ಲ. ಮುಳಶಿಯ ಅಣೆಕಟ್ಟು ಟಾಟಾ ವಿದ್ಯುತ್ ಕಂಪನಿಯದ್ದು. ಹೈದರಾಬಾದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೂ ಕುಡಿಯುವ ನೀರಿಗೆಂದು ಮತ್ತು ಪ್ರವಾಹ ತಡೆಗೆಂದು ಕಟ್ಟಿದವು. ಯಾವ ಜಲಾಶಯಕ್ಕೇ ಆಗಲಿ, ಇಳಿಯುವ ಮುನ್ನ ಅದರ ಇಲಾಖೆಯ ಕಚೇರಿಯಲ್ಲಿ ಕೇಳಿ, ದಡದ ಹಳ್ಳಿಯವರನ್ನೂ ಕೇಳಿ. ಮೀನುಗಾರರ ಬಲೆ ಎಲ್ಲಿದೆ, ಮುಳುಗಿದ ಮರ ಎಲ್ಲಿದೆ, ಕೆಸರು ಎಲ್ಲಿದೆ ಎಂಬುದು ಗೂಗಲ್ ಮ್ಯಾಪಿನಲ್ಲಿ ಇರುವುದಿಲ್ಲ.

ಈ ನೀರುಗಳಿಗೂ ನಮಗೂ ಒಂದು ನಂಟಿದೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದದ್ದು 1908ರ ಮೂಸಿ ಪ್ರವಾಹದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರು ಕೊಟ್ಟ ಯೋಜನೆಯಿಂದ. ಅದಕ್ಕೂ ಮೊದಲು, 1903ರಲ್ಲಿ, ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಕೂರಿಸಿದ್ದು ಇದೇ ಖಡಕ್‌ವಾಸಲಾದಲ್ಲಿ. ನೀರು ಒಂದು ಮಟ್ಟ ಮುಟ್ಟಿದರೆ ತಾವೇ ತೆರೆದುಕೊಳ್ಳುವ ಬಾಗಿಲು. ಅವರು ಇಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲೇ, ಈಗ ಸಿಓಇಪಿ ಎನ್ನುವ ಕಾಲೇಜಿನಲ್ಲಿ. ಆ ಕಾಲೇಜಿನ ಬೋಟ್ ಕ್ಲಬ್ ಮುಳಾ ನದಿಯ ದಡದಲ್ಲಿದೆ, ಅಲ್ಲಿನ ವಿದ್ಯಾರ್ಥಿಗಳ ರೆಗಾಟಾ 1928ರಿಂದ ನಡೆದುಬಂದಿದೆ. ಪುಣೆಯಲ್ಲಿರುವವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ನೋಡಿ ಬನ್ನಿ.

ಅಣೆಕಟ್ಟಿನ ಬಾಗಿಲಿನ ಮಾತು ಸುಮ್ಮನೆ ಎತ್ತಲಿಲ್ಲ. ದೋಣಿ ಇಟ್ಟುಕೊಂಡವರು ಮೊದಲು ಬಾಯಿಪಾಠ ಮಾಡಬೇಕಾದ ನಿಯಮ ಇದು: ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯಬಾರದು. ಮೇಲೆ ಬಾಗಿಲು ತೆರೆದರೆ, ಮೊಣಕಾಲುದ್ದ ಇದ್ದ ನೀರು ನಿಮಿಷಗಳಲ್ಲಿ ಆಳೆತ್ತರ ಆಗುತ್ತದೆ. 2014ರ ಜೂನ್ 8ರ ಸಂಜೆ ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು, ನದಿಪಾತ್ರದಲ್ಲಿ ಫೋಟೋ ತೆಗೆಯುತ್ತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಅವರು ದೋಣಿಯಲ್ಲೂ ಇರಲಿಲ್ಲ. ಆಕಾಶ ತಿಳಿಯಾಗಿದೆ ಎಂದು ನಂಬಬೇಡಿ. ಮಳೆ ಐವತ್ತು ಕಿಲೋಮೀಟರ್ ಆಚೆ ಬಿದ್ದಿರಬಹುದು, ವಿದ್ಯುತ್ತಿನ ಬೇಡಿಕೆ ಇನ್ನೆಲ್ಲೋ ಏರಿರಬಹುದು.

ಇನ್ನೊಂದು ಅಪಾಯ ಚಿಕ್ಕದಾಗಿ ಕಾಣುವ ಒಡ್ಡು, ಮರಾಠಿಯವರು ಬಂಧಾರಾ ಎನ್ನುತ್ತಾರೆ. ನಾಲ್ಕಡಿ ಎತ್ತರದಿಂದ ನೀರು ಹಾಲಿನಂತೆ ಜಾರುತ್ತಿರುತ್ತದೆ, ನೋಡಲು ಚೆಂದ. ಕೆಳಗೆ ಬಿದ್ದ ನೀರು ಮೇಲೆದ್ದು ಮತ್ತೆ ಒಡ್ಡಿನ ಕಡೆಗೇ ಸುರುಳಿ ಸುತ್ತುತ್ತದೆ. ಅದರಲ್ಲಿ ಸಿಕ್ಕ ದೋಣಿಯನ್ನೂ ಮನುಷ್ಯನನ್ನೂ ಬಟ್ಟೆ ಒಗೆಯುವ ಯಂತ್ರದಂತೆ ತಿರುಗಿಸುತ್ತಲೇ ಇರುತ್ತದೆ. ದೋಣಿಯಲ್ಲಿ ಕೂತವರಿಗೆ ಮೇಲಿನಿಂದ ಒಡ್ಡು ಕಾಣುವುದೂ ಇಲ್ಲ, ಮುಂದೆ ನೀರಿನ ಗೆರೆ ತುಂಡಾದಂತೆ ಕಾಣುತ್ತದೆ ಅಷ್ಟೇ. ಅಂಥ ಗೆರೆ ಕಂಡರೆ ಕೂಡಲೇ ದಡ ಹಿಡಿಯಿರಿ, ದೋಣಿ ಹೊತ್ತು ನಡೆದು ದಾಟಿ.

ಠಾಣೆ, ಮುಂಬಯಿಯವರಿಗೆ ಖಾರಿಯ ನೀರು ಹತ್ತಿರ. ಅಲ್ಲಿ ಉಬ್ಬರವಿಳಿತದ ಪಟ್ಟಿ ನೋಡದೆ ಇಳಿಯಬೇಡಿ. ನಮ್ಮ ಉಡುಪಿ, ಕಾರವಾರದ ಕಡೆ ನೀರು ಏರಿಳಿಯುವುದು ಒಂದೂವರೆ ಎರಡು ಮೀಟರ್. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನಾಲ್ಕು ಮೀಟರ್ ದಾಟುತ್ತದೆ. ಆರು ಗಂಟೆಗಳಲ್ಲಿ ಅಷ್ಟು ನೀರು ಖಾರಿಯಿಂದ ಸಮುದ್ರಕ್ಕೆ ಓಡುತ್ತದೆ, ಜೊತೆಗೆ ನಿಮ್ಮನ್ನೂ ಎಳೆಯುತ್ತದೆ. ದಡಕ್ಕೆ ಬಂದರೂ ಸೊಂಟದವರೆಗೆ ಹೂಳುವ ಕೆಸರು. ಹೊಸಬರಿಗೆ ಆ ನೀರು ಬೇಡ.

ಜಾಕೆಟ್ಟಿನ ಜಗಳ

ಈಗ ಠಾಣೆಯ ತಾಯಿಯ ಪ್ರಶ್ನೆ. ಲೈಫ್ ಜಾಕೆಟ್ ಕೊಳ್ಳುವಾಗ ಅದರ ಮೇಲೆ 50, 100, 150 ಎಂಬ ಅಂಕಿ ಹುಡುಕಿ. ಅದು ನ್ಯೂಟನ್ ಲೆಕ್ಕದಲ್ಲಿ ತೇಲಿಸುವ ಬಲ. 50 ಎಂದರೆ ಸುಮಾರು 5 ಕೆಜಿ ಎತ್ತುವ ಶಕ್ತಿ. ನೀರಿನಲ್ಲಿ ದೇಹ ಬಹುಪಾಲು ತಾನೇ ತೇಲುವುದರಿಂದ ತಲೆ ಮೇಲಿಡಲು ಅಷ್ಟು ಸಾಕು, ಆದರೆ ಈಜು ಬರುವವರಿಗೆ, ದಡ ಹತ್ತಿರವಿದ್ದಾಗ ಮಾತ್ರ. ಪ್ರಜ್ಞೆ ತಪ್ಪಿದವರನ್ನು ಅದು ಮುಖ ಮೇಲಾಗಿ ತಿರುಗಿಸುವುದಿಲ್ಲ. ಆ ಕೆಲಸಕ್ಕೆ ಕಾಲರ್ ಇರುವ 150ರ ಜಾಕೆಟ್ ಬೇಕು. ಈಜು ಬಾರದವರು, ಮಕ್ಕಳು ಕನಿಷ್ಠ 100ರದ್ದನ್ನು ಹಾಕಲಿ. ಹಾಕಿ, ಬಕಲ್ ಬಿಗಿದು, ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಕಿವಿಯವರೆಗೆ ಬಂದರೆ ಸಡಿಲ. ಮಕ್ಕಳದಕ್ಕೆ ಕಾಲಸಂದಿಯಲ್ಲಿ ಹಾಯುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ.

ಎರಡು ವರ್ಷದ ಹಿಂದೆ ಕುಂದಾಪುರದ ಕಡೆಯಿಂದ ನನ್ನ ಸೋದರಮಾವ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಅರ್ಧ ಆಯುಷ್ಯ ಹೊಳೆಯಲ್ಲಿ ಪಾತಿ ದೋಣಿ ನಡೆಸಿದವರು. ಹಿನ್ನೀರಿನ ದಡದಲ್ಲಿ ನಾನು ಜಾಕೆಟ್ ಚಾಚಿದೆ. ‘ಎಂತಕ್ ಮಾರಾಯ ಇದೆಲ್ಲ? ನಾವ್ ಇಷ್ಟ್ ವರ್ಷ ದೋಣಿ ಬಿಟ್ಟದ್ ಇದ್ನ್ ಹಾಕ್ಕಂಡಾ?’ ಎಂದು ನಕ್ಕರು. ನಿಜವೇ. ನನಗಿಂತ, ಈ ಲೇಖನ ಓದುವ ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೆ ನೀರು ಗೊತ್ತು. ವಾದ ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಆದರೆ ಒಂಬತ್ತು ವರ್ಷದ ಮಗಳು ತನ್ನ ಬಕಲ್ ಬಿಚ್ಚತೊಡಗಿದಳು. ‘ಅಜ್ಜ ಹಾಕ್ಕೊಳ್ಳದಿದ್ರೆ ನಾನೂ ಹಾಕ್ಕೊಳ್ಳಲ್ಲ.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜಾಕೆಟ್ ತೆಗೆದುಕೊಂಡು ತೊಟ್ಟರು. ದೋಣಿ ನಡುವಿಗೆ ಹೋದ ಮೇಲೆ, ಯಾರೂ ಕೇಳದೆಯೇ, ಒಬ್ಬ ಗೆಳೆಯನ ಕತೆ ಹೇಳಿದರು. ಊರಿನಲ್ಲಿ ಅವರಿಗಿಂತ ಚೆನ್ನಾಗಿ ಈಜುತ್ತಿದ್ದ ಗೆಳೆಯ. ಅಳಿವೆಯ ಬಾಯಲ್ಲಿ ದೋಣಿ ಮಗುಚಿತ್ತು, ದೋಣಿಯ ಅಂಚು ಅವನ ತಲೆಗೆ ಬಡಿದಿತ್ತು. ಮಾವ ಈಜಿ ದಡ ಸೇರಿದರು. ಅವನು ಸಿಕ್ಕಿದ್ದು ಮರುದಿನ. ‘ಈಜು ಬಪ್ಪುದ್ ಎಚ್ಚರ ಇದ್ರೆ ಮಾತ್ರ’ ಎಂದರು. ಇಷ್ಟು ವರ್ಷದಲ್ಲಿ ಈ ಕತೆ ನಾನು ಕೇಳಿರಲಿಲ್ಲ. ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ.

ಈಜು ಬಲ್ಲವರಿಗೂ ಜಾಕೆಟ್ ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಈಜು ಬಾರದವರ ವಿಷಯದಲ್ಲಿ ಮಾತೇ ಬೇಡ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಮಿತಿ ಮೀರಿ ಜನ, ಬಹಳ ಮಕ್ಕಳಿಗೆ ಜಾಕೆಟ್ ಇಲ್ಲ. ಅದು ಸಮುದ್ರವಲ್ಲ, ಊರ ನಡುವಿನ ಕೆರೆ. ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲಿರಬೇಕು. ಬಿದ್ದ ಮೇಲೆ ತೊಡಲು ಆಗುವುದಿಲ್ಲ. ಆದ್ದರಿಂದ ಠಾಣೆಯ ತಾಯಿಗೆ ನನ್ನ ಉತ್ತರ: ‘ಬೇಡ’ ಅನ್ನಬೇಡಿ, ‘ಮೊದಲು ಈಜು, ಆಮೇಲೆ ದೋಣಿ’ ಅನ್ನಿ. ಮೂರು ತಿಂಗಳು ಈಜುಕೊಳಕ್ಕೆ ಅಪ್ಪ ಮಗ ಇಬ್ಬರನ್ನೂ ಕಳಿಸಿ, ನೀವೂ ಹೋಗಿ. ದೋಣಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲ ಖರ್ಚು ಅದಾಗಲಿ, ಎರಡನೆಯದು ಒಳ್ಳೆಯ ಜಾಕೆಟ್, ಉಳಿದದ್ದರಲ್ಲಿ ದೋಣಿ.

ನೀರಿನ ಮೇಲೆ

ಹೊರಡುವ ಹೊತ್ತು ಬೆಳಗಿನ ಜಾವ. ಸಹ್ಯಾದ್ರಿಯ ಹಿನ್ನೀರುಗಳಲ್ಲಿ ಬಿಸಿಲೇರಿದಂತೆ ಗಾಳಿಯೂ ಏರುತ್ತದೆ, ಹನ್ನೊಂದರ ಒಳಗೆ ದಡದಲ್ಲಿರಿ. ನೀವು ಹುಟ್ಟು ಹಾಕಿ ಹೋಗುವ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಇಪ್ಪತ್ತರ ಗಾಳಿ ಎದುರಾದರೆ ಹೊಸಬರು ನಿಂತಲ್ಲೇ ನಿಲ್ಲುತ್ತಾರೆ, ಗಾಳಿದೋಣಿಯಾದರೆ ಹಿಂದಕ್ಕೇ ಹೋಗುತ್ತಾರೆ. ಹಾಗಾಗಿ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಗಾಳಿ ಬೆನ್ನಿಗಿರಲಿ. ದಡದಿಂದ ನೀವು ಆರಾಮವಾಗಿ ಈಜಬಲ್ಲಷ್ಟು ದೂರಕ್ಕಿಂತ ಆಚೆ ಹೋಗಬೇಡಿ, ದಡದ ಗುಂಟ ಸಾಗಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದರೆ ಕೂಡಲೇ ಮೇಲೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿಗಿಳಿಯಬೇಡಿ. ಮಳೆಗಾಲದಲ್ಲಿ ದೋಣಿ ಮನೆಯಲ್ಲಿರಲಿ.

ಹತ್ತುವಾಗ ದೋಣಿ ದಡಕ್ಕೆ ಸಮಾನಾಂತರ ಇರಲಿ. ಬಗ್ಗಿ, ಎರಡೂ ಅಂಚು ಹಿಡಿದು, ನಡುಗೆರೆಯಲ್ಲಿ ಕಾಲಿಟ್ಟು, ಕೂಡಲೇ ಕೂರಿ. ಮಧ್ಯದಲ್ಲಿ ಸೆಲ್ಫಿಗೆಂದು ಎದ್ದು ನಿಲ್ಲಬೇಡಿ. ಅಲೆ ಬಂದಾಗ ಕೆನೂದಲ್ಲಿ ಮಂಡಿಯೂರಿದರೆ ಭಾರ ಕೆಳಗಿಳಿದು ದೋಣಿ ಸ್ಥಿರವಾಗುತ್ತದೆ. ಇಬ್ಬರಿದ್ದರೆ ಮುಂದಿನವರು ಲಯ ಹಿಡಿಯುತ್ತಾರೆ, ಹಿಂದಿನವರು ದಿಕ್ಕು ನೋಡುತ್ತಾರೆ. ಇದು ಗಂಡ ಹೆಂಡತಿಯ ನಡುವೆ ಮೊದಲೇ ತೀರ್ಮಾನವಾಗಿರಲಿ. ಹುಟ್ಟನ್ನು ಬರೀ ತೋಳಿನಿಂದ ಎಳೆದರೆ ಅರ್ಧ ಗಂಟೆಯಲ್ಲಿ ಸುಸ್ತು. ಸೊಂಟ ತಿರುಗಿಸಿ, ಮುಂದೆ ಚಾಚಿ, ಅಲಗು ಪೂರ್ತಿ ಮುಳುಗಿಸಿ, ಸೊಂಟದ ನೇರಕ್ಕೆ ಬಂದಾಗ ತೆಗೆಯಿರಿ. ಹಿಂದೆ ಕೂತವರು ಪ್ರತಿ ಎಳೆತದ ಕೊನೆಗೆ ಅಲಗನ್ನು ಸ್ವಲ್ಪ ಹೊರಕ್ಕೆ ತಳ್ಳಿದರೆ ದೋಣಿ ನೇರ ಹೋಗುತ್ತದೆ.

ಮಗುಚುವುದು ಯಾವತ್ತಾದರೂ ಆಗಿಯೇ ಆಗುತ್ತದೆ. ಆದ್ದರಿಂದ ಮೊದಲ ದಿನವೇ, ಎದೆಮಟ್ಟದ ನೀರಿನಲ್ಲಿ, ಬೇಕೆಂದೇ ಮಗುಚಿ ನೋಡಿ. ನಿಯಮ ಒಂದೇ: ದೋಣಿ ಬಿಡಬೇಡಿ. ಮಗುಚಿದ ದೋಣಿಯೂ ತೇಲುತ್ತದೆ, ದೂರದಿಂದ ಕಾಣುತ್ತದೆ, ನಿಮ್ಮ ತಲೆ ಕಾಣುವುದಿಲ್ಲ. ಹರಿಯುವ ನೀರಾದರೆ ದೋಣಿಯ ಮೇಲ್ಹೊಳೆಯ ಕಡೆ ಇರಿ. ನೀರು ತುಂಬಿದ ಗಟ್ಟಿ ಕೆನೂ ನೂರಾರು ಕೆಜಿ ತೂಗುತ್ತದೆ, ಅದಕ್ಕೂ ಬಂಡೆಗೂ ನಡುವೆ ಸಿಕ್ಕಬಾರದು. ಒಬ್ಬರೇ ಹೋಗಬೇಡಿ. ಎರಡು ದೋಣಿ ಇದ್ದರೆ ಒಂದು ಇನ್ನೊಂದಕ್ಕೆ ಆಸರೆ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ, ಫೋನು ನೀರು ಹೋಗದ ಚೀಲದಲ್ಲಿ ಮೈಮೇಲಿರಲಿ. ದಡದಲ್ಲಿ ಯಾರಿಗಾದರೂ ‘ಇಂಥ ಕಡೆ ಹೋಗುತ್ತೇವೆ, ಹನ್ನೊಂದಕ್ಕೆ ಫೋನ್ ಮಾಡುತ್ತೇವೆ, ಮಾಡದಿದ್ದರೆ 112ಕ್ಕೆ ಹೇಳಿ’ ಎಂದು ತಿಳಿಸಿ ಹೊರಡಿ. ಮದ್ಯ ಕುಡಿದವರು ದೋಣಿ ಹತ್ತಬಾರದು, ಆಮೇಲೆ ಸ್ನೇಹ ಕೆಟ್ಟರೂ ಪರವಾಗಿಲ್ಲ.

ಬೇರೆ ಯಾರೋ ಮುಳುಗುತ್ತಿರುವುದು ಕಂಡರೆ ಹಾರಬೇಡಿ. ಹುಟ್ಟು ಚಾಚಿ, ಹಗ್ಗ ಅಥವಾ ಖಾಲಿ ಕ್ಯಾನ್ ಎಸೆಯಿರಿ, ದೋಣಿಯಲ್ಲಿ ಹತ್ತಿರ ಹೋಗಿ. ಮುಳುಗುವವರು ಸಿನಿಮಾದಲ್ಲಿ ಕೂಗಿದಂತೆ ಕೂಗುವುದಿಲ್ಲ, ಹೆಚ್ಚಾಗಿ ಸದ್ದಿಲ್ಲದೆ ಇಳಿಯುತ್ತಾರೆ. ಮೇಲೆ ತಂದವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಅಮೂಲ್ಯ ಸಮಯ ಹೋಗುತ್ತದೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಅರ್ಧ ದಿನದ ತರಬೇತಿಗೆ ಒಮ್ಮೆ ಕೂರಿ.

ಕೊಳ್ಳುವ ಮುನ್ನ

ಇಷ್ಟೆಲ್ಲ ಓದಿ ಹೆದರಿದಿರಾದರೆ ನನ್ನ ಉದ್ದೇಶ ಅದಲ್ಲ. ಬೆಳಗಿನ ಆರೂವರೆಗೆ ಮಂಜು ಏಳುತ್ತಿರುವಾಗ, ನೀರಿನ ಮಟ್ಟದಲ್ಲಿ ಕೂತು, ಮಿಂಚುಳ್ಳಿ ಎರಗುವುದನ್ನು ನೋಡುವ ಸುಖಕ್ಕೆ ವಾರದ ಐದು ದಿನ ಹಿಂಜವಡಿ ಟ್ರಾಫಿಕ್‌ನಲ್ಲಿ ಕೂರಬಹುದು. ಕೊಳ್ಳುವ ಮುನ್ನ ಬಾಡಿಗೆ ದೋಣಿಯಲ್ಲಿ ನಾಲ್ಕು ಸಲ ಕೂತು ನೋಡಿ. ಊರಿಗೆ ಹೋದಾಗ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಕಡೆ ಕಾಂಡ್ಲಾ ಕಾಡಿನ ನಡುವೆ ಕಯಾಕ್ ಮಾಡಿಸುತ್ತಾರೆ, ಆಳವಿಲ್ಲದ ಶಾಂತ ನೀರು, ಕಲಿಯಲು ಹೇಳಿಮಾಡಿಸಿದ ಜಾಗ. ಮಕ್ಕಳಲ್ಲಿ ಆಸಕ್ತಿ ಕಂಡರೆ ಇದು ಆಟವೂ ಹೌದು ಎಂದು ತಿಳಿಸಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಂ ಜೋಡಿ ಕೆನೂ ಸಾವಿರ ಮೀಟರಿನಲ್ಲಿ ಕಂಚು ಗೆದ್ದಿತು. ಅಲ್ಲೇ ಪ್ಯಾರಾ ಕೂಟದಲ್ಲಿ ಪ್ರಾಚಿ ಯಾದವ್ ಚಿನ್ನ ಗೆದ್ದರು, ಅವರು ತರಬೇತಿ ಪಡೆದದ್ದು ಭೋಪಾಲದ ಕೆರೆಯಲ್ಲಿ.

ಇನ್ನೊಂದು ಸಲಹೆ: ಒಬ್ಬೊಬ್ಬರೇ ಕೊಳ್ಳಬೇಡಿ. ನಿಮ್ಮ ಊರಿನ ಕನ್ನಡ ಸಂಘದಲ್ಲೋ, ಅಪಾರ್ಟ್‌ಮೆಂಟಿನಲ್ಲೋ ಮೂರು ಮನೆಯವರು ಸೇರಿ ಎರಡು ದೋಣಿ ಕೊಳ್ಳಿ. ಖರ್ಚು ಹಂಚಿಹೋಗುತ್ತದೆ, ಒಣಗಿಸುವ ಬಾಲ್ಕನಿ ಸರದಿಯಲ್ಲಿ ಸಿಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ಯಾರೂ ಒಂಟಿಯಾಗುವುದಿಲ್ಲ.

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಈಗ ಈಜು ಕಲಿಯಲು ಸೇರಿದರೆ ಜನವರಿ ಹೊತ್ತಿಗೆ ಸಿದ್ಧ. ಠಾಣೆಯ ಅಪ್ಪ ಮಗ ಎಷ್ಟು ಮೀಟರ್ ಈಜಿದರು ಎಂದು ಬರೆದು ತಿಳಿಸಿ, ದೋಣಿಯ ಅಳತೆ, ಬ್ರ್ಯಾಂಡ್‌ಗಳ ಮಾತು ಆಮೇಲೆ ಆಡೋಣ. ಮುಂದಿನ ತಿಂಗಳು, ಹಲವರು ಕೇಳಿರುವ ಸಹ್ಯಾದ್ರಿ ಕೋಟೆಗಳ ರಾತ್ರಿ ಚಾರಣದ ಬಗ್ಗೆ.